ಮುಷ್ಟಿ ಜೋಳದ ಗಡಿಗೆ

ಪುಣೆಯ ಸದಾಶಿವ ಪೇಠೆಯ ಒಂದು ವಾಡೆಯ ಎರಡು ಕೋಣೆಗಳಲ್ಲಿ ನಮ್ಮ ಕನ್ನಡ ಶಾಲೆ ನಡೆಯುತ್ತಿತ್ತು. ಅದರ ಬಾಡಿಗೆಗಾಗಿ ಮುಷ್ಟಿ ಫಂಡು ಎತ್ತಿದೆವು. ಮನೆಮನೆಗೆ ಒಂದು ಗಡಿಗೆ. ದಿನವೂ ಒಲೆ ಹಚ್ಚುವ ಮೊದಲು ಅದಕ್ಕೊಂದು ಮುಷ್ಟಿ ಜೋಳ. ಶನಿವಾರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಮನೆಮನೆಗೆ ಹೋಗಿ ಗಡಿಗೆಗಳನ್ನು ಚೀಲಕ್ಕೆ ಸುರುವಿಕೊಂಡು ನನ್ನ ಕಾಳಿನ ಅಂಗಡಿಗೆ ತರುತ್ತಿದ್ದರು. ನಾನು ತೂಗಿ ಕೊಂಡು, ಹಣವನ್ನು ಕಮಿಟಿಗೆ ಮುಟ್ಟಿಸುತ್ತಿದ್ದೆ.

ದಾನವನ್ನು ಬಾಗಿಲಲ್ಲಿ ಅಳೆಯಬಾರದೆಂಬುದು ಹಿರಿಯರ ಕಟ್ಟಳೆ. ಯಾರ ಗಡಿಗೆಯಲ್ಲಿ ಎಷ್ಟಿತ್ತೆಂದು ಕೇಳುವ ಪದ್ಧತಿಯೇ ಇರಲಿಲ್ಲ. ಬರಿಗೈಯಲ್ಲಿ ಪುಣೆಗೆ ಬಂದು ಅಂಗಡಿ ಕಟ್ಟಿದವನು ನಾನು, ನನಗಾದರೂ ಹೊಳೆಯಬೇಕಿತ್ತು. ನೀವಾದರೂ ನೆನಪಿಡಿ: ಅಳೆಯದ ಮಾಲನ್ನು ಯಾರ ತಲೆಯ ಮೇಲೂ ಹೊರಿಸಬೇಡಿ. ಕಡಿಮೆ ಬಿದ್ದ ದಿನ ಹೊತ್ತವರೇ ಕಳ್ಳರಾಗುತ್ತಾರೆ.

ಯುದ್ಧ ಬಂತು, ಜೋಳದ ಧಾರಣೆ ಏರಿತು, ಚೀಲ ವಾರದಿಂದ ವಾರಕ್ಕೆ ಹಗುರಾಯಿತು. ಬಾಡಿಗೆ ಬಾರದಿದ್ದರೆ ಬೀಗ ಹಾಕುವೆನೆಂದು ವಾಡೆಯ ಮಾಲಕ ಹೇಳಿ ಕಳಿಸಿದ ಮೇಲೆ ಕಮಿಟಿ ಕೂಡಿತು. ಅಕ್ಕೋರನ್ನೂ ಕರೆಸಿದ್ದರು.

"ಸಾವಕಾರ್ರ, ನಿಮ್ಮ ತಕ್ಕಡಿ ಏನಂತದ?" ಅಧ್ಯಕ್ಷರು ಕೇಳಿದರು.

"ಭಾಳ ಕಡಿಮಿ ಅಂತದ್ರಿ," ಎಂದೆ.

"ಗಡಿಗಿ ಎಲ್ಲಾರ ಮನ್ಯಾಗೂ ತುಂಬೇ ಇರ್ತಾವ. ಹಾದ್ಯಾಗ ಏನಾಗ್ತದೋ," ಎಂದರು ಖಜಾಂಚಿ. "ಈ ತುಟ್ಟಿ ದಿನದಾಗ ಇಷ್ಟ ಪಗಾರದಾಗ ಇಬ್ಬರ ಹೊಟ್ಟಿ ಹ್ಯಾಂಗ ತುಂಬಸ್ತೀರಿ, ನಮಗೂ ಸ್ವಲ್ಪ ಕಲಿಸ್ರೆಲಾ ಅಕ್ಕೋರ."

ಒಬ್ಬಿಬ್ಬರು ನಕ್ಕರು. ಅಕ್ಕೋರು, ಹಾಸಿಗೆ ಹಿಡಿದ ಅವರ ತಾಯಿ, ಇಬ್ಬರದೂ ಶಾಲೆಯ ಹಿಂದಿನ ಕತ್ತಲೆ ಖೋಲಿಯಲ್ಲಿ ವಾಸ. ನೌಕರಿ ಹೋದರೆ ಸೂರೂ ಹೋಯಿತು.

"ನಾ ಒಂದು ಕಾಳೂ ಮುಟ್ಟಿಲ್ರಿ," ಎಂದು ಅವರು ನನ್ನ ಕಡೆ ನೋಡಿದರು.

ನೋಡಲು ಕಾರಣವಿತ್ತು. ದೀಪಾವಳಿಯಿಂದ ನನ್ನ ಮನೆಯ ಗಡಿಗೆಯೇ ಖಾಲಿ. ಧಾರಣೆ ಏರುವಾಗ ಕಾಳು ಹೊರಗೆ ಬಿಡಬೇಡವೆಂದು ಹೆಂಡತಿಗೆ ಹೇಳಿದವನು ನಾನೇ. ಅದನ್ನು ಅಲ್ಲಿ ಒಪ್ಪಿಕೊಂಡಿದ್ದರೆ ಉಳಿದವರೂ ತಮ್ಮ ಗಡಿಗೆಯ ಬಗ್ಗೆ ಬಾಯಿ ಬಿಡುತ್ತಿದ್ದರು. ಆದರೆ ಗೋಡೆಗೆ ತೂಗುಹಾಕಿದ ದಾನಿಗಳ ಹಲಗೆಯಲ್ಲಿ ಮೊದಲ ಹೆಸರು ನನ್ನದು. ಖಜಾಂಚಿ ಪೊಲೀಸರ ಮಾತೆತ್ತಿದಾಗ ನಾನು ಚೌಕಾಶಿಗೆ ಇಳಿದೆ.

"ಪೊಲೀಸು ಬ್ಯಾಡ್ರಿ. ಈ ತಿಂಗಳು ಮುಗದ ಮ್ಯಾಲೆ ಖೋಲಿ ಬಿಡಲಿ, ಮಾತು ಇಲ್ಲಿಗೇ ಮುಗೀಲಿ."

ಸಾವಕಾರರು ಹಗುರಾಗಿ ಬಗೆಹರಿಸಿದರೆಂದು ಎಲ್ಲರೂ ಹೊಗಳಿದರು. ಆ ಹೊತ್ತಿಗೆ ನನಗೂ ಹಾಗೇ ಅನ್ನಿಸಿತ್ತು.

ತಿಂಗಳ ಕೊನೆಗೆ, ತಾಯಿಯನ್ನು ಟಾಂಗಾದಲ್ಲಿ ಮಲಗಿಸಿ, ಚೀಲ ಒಪ್ಪಿಸಲು ಅಕ್ಕೋರು ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತಳು.

"ವೈನಿ, ನಿಮ್ಮ ಗಡಿಗಿ ಖಾಲಿ ಇತ್ತಂತ ನಾ ಯಾರ ಮುಂದೂ ಅಂದಿಲ್ರಿ," ಎಂದರು. "ಬಾಗಿಲದಾಗ ಕಂಡದ್ದು ಬಾಗಿಲದಾಗೇ ಬಿಡಬೇಕಂತ ನಮ್ಮವ್ವ ಕಲಿಸ್ಯಾಳ."

ಮುಂದಿನ ಶನಿವಾರ ಆ ಚೀಲ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಶಾಲೆಗೆ ಬೀಗ ಬಿತ್ತು. ದಾನಿಗಳ ಹಲಗೆಯನ್ನು ನನಗೇ ತಂದುಕೊಟ್ಟರು. ಕಾಳಿಗೆ ಥಂಡಿ ಏರಬಾರದೆಂದು ಅದನ್ನು ಅಂಗಡಿಯಲ್ಲಿ ಜೋಳದ ಚೀಲಗಳ ಕೆಳಗೆ ಹಾಸಿದ್ದೇನೆ, ಹೆಸರು ನೆಲದ ಕಡೆ ಮಾಡಿ.