ನೆಗೆಣ್ಣಿ ನುಡಿದ ಸಾಕ್ಷಿ

ನನ್ನ ನೆಗೆಣ್ಣಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಎಂಟು ವರ್ಷ ಮೊದಲು ಮಣ್ಣೂರಿನ ಆ ಮನೆಗೆ ಸೊಸೆಯಾಗಿ ಬಂದವಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಜೇವರ್ಗಿ ಕಡೆಯ ಅಂದೋಲಾದವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನೌಕರಿ ಹಿಡಿದ ಮೇಲೆಯೇ ಆ ಮನೆಯ ಹೊಸಿಲು ದಾಟಿದವಳು. ಬೆಳಿಗ್ಗೆ ನಾನು ಸೀರೆಗೆ ಪಿನ್ನು ಹಾಕಿಕೊಂಡು ಬಸ್ಸಿಗೆ ಹೊರಟರೆ ಇಡೀ ಮನೆಯ ರೊಟ್ಟಿ ಬಡಿಯುವ ಕೆಲಸ ಅವಳ ಪಾಲಿಗೆ ಬೀಳುತ್ತಿತ್ತು. ಅದು ನನ್ನ ಗಮನಕ್ಕೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು, ಸುಮ್ಮನಿದ್ದೆ. ಹದಿನೇಳು ವರ್ಷ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಬೆನ್ನು ತೋರಿಸಿಕೊಂಡೇ ಬಾಳಿದೆವು.

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರದಲ್ಲಿ, ನಾನು ಹಾಸಿಗೆ ಹಿಡಿದೆ. ಜ್ವರವಿಲ್ಲ, ಕೆಮ್ಮಿಲ್ಲ. ಎದ್ದು ಹಲ್ಲುಜ್ಜುವುದೇ ಒಂದು ಹೊಲ ಹರಗಿದಷ್ಟು ಭಾರ. ಮಕ್ಕಳ ಪರೀಕ್ಷೆಯ ಪೇಪರಿನ ಕಟ್ಟು ತಲೆದಿಂಬಿನ ಪಕ್ಕದಲ್ಲೇ ಬಿದ್ದಿತ್ತು. ಬಿಚ್ಚಲಿಲ್ಲ. ಒಂದು ತಿಂಗಳು ರಜೆ ಹಾಕಿದೆ, ಮತ್ತೊಂದು ತಿಂಗಳು ಮುಂದುವರಿಸಿದೆ. ತೊಗರಿ ರಾಶಿಯ ಕಾಲ. ಮನೆಯಲ್ಲಿ ಎಲ್ಲರಿಗೂ ಕೆಲಸ. ನೆಗೆಣ್ಣಿ ನನ್ನ ಕೋಣೆಯ ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತು, ನನಗೆ ಕೇಳಲಿ ಎಂದೇ ಪಕ್ಕದ ಮನೆಯವಳಿಗೆ ಹೇಳಿದಳು: "ಪಗಾರ ಬರೋ ಹೆಂಗಸರಿಗೆ ಇಂಥಾ ಬ್ಯಾನಿ ಬರ್ತಾವ. ನಮಗ ಬರೂದಿಲ್ಲ."

ನನ್ನ ಅವ್ವ ಬಂದು ದೃಷ್ಟಿ ತೆಗೆದಳು, ಅಂದೋಲಾಕ್ಕೆ ಕರೆದುಕೊಂಡು ಹೋಗಿ ಹದಿನೈದು ದಿನ ಇಟ್ಟುಕೊಂಡಳು. ಏನೂ ಆಗಲಿಲ್ಲ. ಕೊನೆಗೆ ನನ್ನ ಗಂಡ ಕಲಬುರಗಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ನಿದ್ದೆ, ಊಟ, ಅಳು ಇವುಗಳ ಬಗ್ಗೆ ಕೇಳಿದರು. ಹೌದು ಹೌದು ಎಂದೆವು. ಖಿನ್ನತೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಅವರು ಕೇಳಿದ್ದಕ್ಕೆ ನಾವು ಹೇಳಿದ್ದೆಲ್ಲ ಖರೆಯೇ ಆಗಿತ್ತು. ಆದರೆ ಅದು ಅರ್ಧ ಕತೆ ಎಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಮೂರು ವಾರಕ್ಕೆ ನಾನು ಎದ್ದು ಕೂತೆ. ನಾಲ್ಕನೆಯ ವಾರ ಶಾಲೆಗೆ ಹೋದೆ. ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ನನ್ನ ಗಂಡ, ಪಂಪಿನ ಮೋಟಾರು ರಿಪೇರಿ ಮಾಡುವ ತನ್ನ ಅಂಗಡಿಗೆ ಬಂದವರಿಗೆಲ್ಲ ಆ ಡಾಕ್ಟರ ಕೈಗುಣ ಹೊಗಳಿದ. ಐದನೆಯ ವಾರ ನನಗೆ ನಿದ್ದೆ ಬೇಡವಾಯಿತು. ಆ ದಿನಗಳನ್ನು ಈಗ ನೆನೆದರೂ ನನಗೆ ನಾಚಿಕೆಗಿಂತ ಮೊದಲು ಆಸೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಣ್ಣಗಳು ಗಾಢವಾಗಿದ್ದವು. ಒಂದು ವಚನ ಪಾಠ ಮಾಡಲು ನಿಂತರೆ ನೂರು ವಚನ ಬಾಯಿಗೆ ಬರುತ್ತಿದ್ದವು. ಒಂದು ಭಾನುವಾರ ಶಾಲೆಯ ಕಂಪೌಂಡಿನ ಗೋಡೆಗೆಲ್ಲ ಸುಣ್ಣ ಬಳಿದು, ನಾನೇ ಕಟ್ಟಿದ ಪದ್ಯ ಬರೆದೆ. ಹತ್ತನೆಯ ತರಗತಿಯ ಮಕ್ಕಳಿಗೆ, ನೀವೆಲ್ಲ ಪಾಸಾಗಿದ್ದೀರಿ, ಇನ್ನು ಶಾಲೆಗೆ ಬರಬೇಡಿ ಎಂದು ಹೇಳಿ ಮನೆಗೆ ಕಳಿಸಿದೆ. ಕೇಳಲು ಬಂದ ಹೆಡ್‌ಮಾಸ್ಟರಿಗೆ ಎಲ್ಲರ ಎದುರು ಮೂರ್ಖ ಎಂದೆ.

ಮತ್ತೆ ಒಂದು ಮುಂಜಾನೆ, ನೆಗೆಣ್ಣಿ ಹೊಲಕ್ಕೆ ಹೋದಾಗ, ಅವಳ ಒಲೆಯನ್ನು ಹಾರೆಯಿಂದ ಒಡೆದು ಹಾಕಿದೆ. ಆ ಒಲೆ ಅವಳು ತನ್ನ ಕೈಯಾರೆ ಹೊಳೆಯ ಮಣ್ಣು ತಂದು, ತುಳಿದು ಕಟ್ಟಿದ್ದು. ಆ ಜಾಗದಲ್ಲಿ ಊರ ಹೆಂಗಸರಿಗೆ ಓದು ಕಲಿಸುವ ಶಾಲೆ ಮಾಡುತ್ತೇನೆ ಎಂದು ನನ್ನ ತಲೆಯಲ್ಲಿತ್ತು. ಅವಳು ಬಂದು ನೋಡಿದಳು. ಬಯ್ಯಲಿಲ್ಲ. ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಬುಟ್ಟಿಗೆ ತುಂಬಿದಳು. ನನ್ನ ಗಂಡ ಬಂದಾಗ ಮಾತ್ರ, ನಿನ್ನ ಹೆಂಡತಿಯ ತಲೆ ಕೆಟ್ಟಿದೆ, ಡಾಕ್ಟರಿಗೆ ತೋರಿಸು ಎಂದಳು. ಅವನು ಅವಳ ಮೇಲೆಯೇ ಹರಿಹಾಯ್ದ. ಎರಡು ತಿಂಗಳು ಹೆಣದಂತೆ ಬಿದ್ದವಳು ಈಗ ಚುರುಕಾಗಿ ಓಡಾಡುತ್ತಿದ್ದಾಳೆ, ನಿಮ್ಮ ಕಣ್ಣಿಗೆ ಅದು ಚುಚ್ಚುತ್ತದೆ ಎಂದ. ಆಗ ನನಗೆ ಬಹಳ ಹೆಮ್ಮೆಯಾಯಿತು.

ಆದರೆ ಎಂಟು ದಿನಕ್ಕೆ ಅವನೂ ಸೋತ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಭಾಷಣ ಶುರು ಮಾಡಿದ್ದೆ. ಗಂಟಲು ಒಡೆದು ದನಿ ಹೋಗಿತ್ತು, ಆದರೂ ನಿಲ್ಲಿಸಿರಲಿಲ್ಲ. ಅಫಜಲಪುರದ ಆಸ್ಪತ್ರೆಗೆ ಒಯ್ದರೆ ಪರಿಚಯದವರು ನೋಡುತ್ತಾರೆಂದು, ಆಳಂದದಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿ, ಅಣ್ಣತಮ್ಮಂದಿರಿಬ್ಬರೂ ಕ್ರೂಸರ್ ಗಾಡಿ ಮಾಡಿದರು. ನೆಗೆಣ್ಣಿಯನ್ನು ಯಾರೂ ಕರೆದಿರಲಿಲ್ಲ. ತಾನೇ ಹತ್ತಿ ನನ್ನ ಪಕ್ಕ ಕೂತು ಮುಂಗೈ ಹಿಡಿದಳು. ರೊಟ್ಟಿ ಬಡಿದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ. ದಾರಿಯುದ್ದಕ್ಕೂ ಅವಳನ್ನು ಬಯ್ದೆ. ಅವಳು ಒಂದೇ ಸಲ ಉತ್ತರ ಕೊಟ್ಟಳು. ನೀನು ಹುಚ್ಚಿ ಅಂತ ಡಾಕ್ಟರ ಬಾಯಿಂದ ಕೇಳಿ, ಮನೆ ಪಾಲು ಮಾಡಿಸಿಕೊಳ್ಳಲಿಕ್ಕೆ ಬಂದಿದ್ದೇನೆ ಎಂದಳು.

ಆಳಂದದಲ್ಲಿ ಸಾಲು ಉದ್ದವಿತ್ತು. ಡಾಕ್ಟರು ಸುಮಾರು ನನ್ನದೇ ವಯಸ್ಸಿನ ಹೆಂಗಸು, ಮೈಸೂರು ಕಡೆಯ ಮಾತು. ನನ್ನನ್ನು ಮಾತಾಡಲು ಬಿಟ್ಟು ಕೇಳಿಸಿಕೊಂಡರು, ಹಳೆಯ ಗುಳಿಗೆಯ ಚೀಟಿ ನೋಡಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ ಕೇಳಿದರು:

"ಈ ಸಲದ್ದು ಬಿಡಿ. ಇದಕ್ಕೆ ಮುಂಚೆ ಯಾವಾಗಾದರೂ ಅತಿಯಾಗಿ ಖುಷಿ, ಅತಿಯಾಗಿ ಮಾತು, ನಿದ್ದೆಯೇ ಬೇಡ ಅನ್ನೋ ಹಾಗೆ ಇದ್ದರಾ?"

"ಇಲ್ರಿ ಮೇಡಂ. ಆಕಿ ಮೊದಲಿಂದ ಭಾಳ ಶಾಣ್ಯಾಕಿ ಅದಾಳ್ರಿ. ಒಳ್ಳೆ ಚಟುವಟಿಕಿ ಹೆಣ್ಮಗಳು."

ನೆಗೆಣ್ಣಿ ಬಾಗಿಲಿಗೆ ಒರಗಿ ನಿಂತಿದ್ದಳು. ಅಲ್ಲಿಂದಲೇ ಹೇಳಿದಳು: "ಸುಳ್ಳು ಹೇಳಾಕತ್ತಾನ್ರಿ ನಮ್ಮ ಮೈದುನ. ಇದು ಮೂರನೇ ಸಲರಿ. ನಾ ಹೇಳ್ತೇನಿ, ಬರಕೊಳ್ರಿ."

ಡಾಕ್ಟರು ನನ್ನ ಗಂಡನನ್ನು ಸ್ಟೂಲಿನಿಂದ ಎಬ್ಬಿಸಿ ಅವಳನ್ನು ಕೂರಿಸಿದರು. ಅವಳು ಸೆರಗು ಸರಿಪಡಿಸಿಕೊಂಡು ಶುರು ಮಾಡಿದಳು. ಇಸವಿ, ತಾರೀಖು ಅವಳಿಗೆ ಗೊತ್ತಿರಲಿಲ್ಲ; ಆದರೆ ಹಬ್ಬ, ಪೈರು, ಮಕ್ಕಳ ವಯಸ್ಸು ಹಿಡಿದು ಎಲ್ಲವೂ ಗೊತ್ತಿತ್ತು. ನನ್ನ ಎರಡನೆಯ ಮಗನ ಹೆಸರಿಡುವ ಕಾರ್ಯ ಮುಗಿದ ಬೇಸಿಗೆಯಲ್ಲಿ ನಾನು ಎಂಟು ದಿನ ಮಲಗದೆ, ಓಣಿಯ ಎಲ್ಲ ಮನೆಗಳ ಕೌದಿಗಳನ್ನು ಎಳೆದುಕೊಂಡು ಹೋಗಿ ಹೊಳೆಯಲ್ಲಿ ಒಗೆದದ್ದು, ಕೂಸಿಗೆ ಹಾಲು ಕುಡಿಸುವುದು ಮರೆತದ್ದು, ಅದನ್ನು ಅವಳೇ ಆಡಿನ ಹಾಲು ಹಾಕಿ ನೋಡಿಕೊಂಡದ್ದು. ಆಮೇಲೆ ಜೋಳ ಬಿತ್ತುವ ತನಕ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದು. ಭೀಮೆಯ ಮಹಾಪೂರ ಊರೊಳಗೆ ಬಂದ ವರ್ಷ ಮನೆಮನೆ ತಿರುಗಿ ಅಕ್ಕಿ ಬೇಳೆ ಕೂಡಿಸಿ, ಹತ್ತು ದಿನ ನಿಂತ ಕಾಲಲ್ಲೇ ನಿಂತು ಗಂಜಿ ಬೇಯಿಸಿ ಹಾಕಿದ್ದು. ನನ್ನ ಗಂಡ ತಡೆದು, ಅದಕ್ಕೆ ಪಂಚಾಯ್ತಿಯವರು ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ ಎಂದ. ಅವಳು ಅವನ ಕಡೆ ನೋಡಲೂ ಇಲ್ಲ.

"ಶಾಲು ಹೊಚ್ಚಿದ್ದ ಎಲ್ಲಾರೂ ನೋಡ್ಯಾರ್ರಿ. ಅದರ ಹಿಂದಿಂದ ಎರಡು ತಿಂಗಳ ಬಿದ್ದಿದ್ದ ನಾ ಒಬ್ಬಾಕಿನ ನೋಡೇನಿ. ಹತ್ತೂದು, ಬೀಳೂದು. ಹತ್ತೂದು, ಬೀಳೂದು. ಬರೇ ಬಿದ್ದಾಗ ಡಾಕ್ಟರ ಕಡೆ ಒಯ್ದರ ಹೆಂಗ ತಿಳೀತದರಿ?"

ಡಾಕ್ಟರು ಬರೆಯುತ್ತಲೇ ಇದ್ದರು. ಎಷ್ಟು ದಿನ ನಿದ್ದೆ ಇರಲಿಲ್ಲ, ನಿದ್ದೆ ಇಲ್ಲದಿದ್ದರೂ ದಣಿವು ಕಾಣುತ್ತಿತ್ತೇ, ಮಾತು ಒಂದರಿಂದ ಒಂದಕ್ಕೆ ಜಿಗಿಯುತ್ತಿತ್ತೇ ಎಂದು ಕೇಳಿದರು. ಅವಳು ತಡವರಿಸದೆ ಹೇಳಿದಳು. ನಮ್ಮ ವಂಶದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದಾಗ ನನ್ನ ಗಂಡ ಮತ್ತೆ ಇಲ್ಲ ಎಂದ.

"ಅದಾರ್ರಿ. ಆಕಿ ಸೋದರಮಾವ. ಬಳಿಗಾರಾಕಿ ಹೇಳ್ಯಾಳ ನನಗ, ಆಕಿ ಬಳಿ ಮಾರಾಕ ಅಂದೋಲಾಕ್ಕ ಹೋಗ್ತಾಳ. ಲಗ್ನದಾಗ ಮುಚ್ಚಿಟ್ಟಾರ."

ಅದು ಖರೆ. ನನ್ನ ಸೋದರಮಾವ ಕೆಲವು ತಿಂಗಳು ಹಗಲುರಾತ್ರಿ ವಚನ ಹಾಡುತ್ತಿದ್ದ, ಕೆಲವು ತಿಂಗಳು ಬಾಯಿ ಬಿಡುತ್ತಿರಲಿಲ್ಲ. ಹಾಡಿದರೆ ಶರಣ ಎಂದೆವು, ಮೌನವಾದರೆ ವ್ರತ ಎಂದೆವು. ಒಂದು ದಿನ ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ನನ್ನ ಲಗ್ನದ ಮಾತುಕತೆಯಲ್ಲಿ ಅವ್ವ ಅವನ ಹೆಸರನ್ನೇ ಎತ್ತಿರಲಿಲ್ಲ. ಅದನ್ನು ಈ ಹೆಂಗಸು ಪರಊರಿನ ಡಾಕ್ಟರ ಮುಂದೆ, ನನ್ನ ಗಂಡನ ಮುಂದೆ ಬಿಚ್ಚಿದ್ದಳು. ನನ್ನ ಒಡೆದ ದನಿಯಲ್ಲೇ ಕೂಗಿದೆ: "ನಿನ್ನ ನಾಲಗಿ ಸುಟ್ಟ ಹೋಗಲಿ."

"ಹೋಗ್ಲಿ," ಎಂದಳು. "ಮೊದಲ ಹೇಳಿ ಮುಗಸ್ತೇನಿ."

ಡಾಕ್ಟರು ಆ ದಿನ ನಮಗೆ ಹೇಳಿದ್ದನ್ನು ಮುಂದೆ ಎಷ್ಟೋ ಸಲ ಬಿಡಿಸಿ ಕೇಳಿಕೊಂಡಿದ್ದೇನೆ. ಇದರ ಹೆಸರು ಬೈಪೋಲಾರ್. ಎರಡು ತುದಿಯ ಕಾಯಿಲೆ. ಕುಗ್ಗುವುದು ಒಂದು ತುದಿ, ಉಕ್ಕುವುದು ಇನ್ನೊಂದು. ಕುಗ್ಗಿದ್ದನ್ನಷ್ಟೇ ನೋಡಿ ಅದರ ಗುಳಿಗೆಯನ್ನಷ್ಟೇ ಕೊಟ್ಟರೆ ಕೆಲವರು ಹೀಗೆ ಉಕ್ಕಿಬಿಡುತ್ತಾರೆ. ಥೈರಾಯ್ಡ್ ತೊಂದರೆ ಇದೆಯೋ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡಿಸುತ್ತೇವೆ, ಆದರೆ ಈ ಕಾಯಿಲೆ ರಕ್ತದಲ್ಲಿ ಕಾಣುವುದಿಲ್ಲ, ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ವರ್ಷಗಟ್ಟಲೆಯ ನಡೆ ಕೇಳಿಯೇ ತಿಳಿಯಬೇಕು. ಹಳೆಯ ಗುಳಿಗೆ ನಿಲ್ಲಿಸಿ, ಕಲಬುರಗಿಯಲ್ಲಿ ದಾಖಲಾಗಲು ಚೀಟಿ ಬರೆದರು. ನೆಗೆಣ್ಣಿ ಏಳಲಿಲ್ಲ. ಇವಳಿಗೆ ಹುಚ್ಚು ಹಿಡಿದಿದೆ ಎಂದು ಒಂದು ಕಾಗದ ಬರೆದುಕೊಡಿ ಎಂದು ಕೇಳಿದಳು. ಡಾಕ್ಟರು ಪೆನ್ನು ಮುಚ್ಚಿಟ್ಟು, "ಅದಕ್ಕೆ ನಾನು ಕಾಗದ ಕೊಡಲ್ಲಮ್ಮ. ಅವರಿಗೆ ಇರೋದು ಕಾಯಿಲೆ. ಔಷಧಿ ತಗೊಂಡರೆ ಪಾಠ ಮಾಡ್ತಾರೆ," ಎಂದರು.

ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಲಿಥಿಯಂ ಶುರುವಾಯಿತು. ಕೈ ನಡುಗಿ ಬೋರ್ಡಿನ ಮೇಲಿನ ಅಕ್ಷರ ವಂಕಾದವು, ಸದಾ ಬಾಯಾರಿಕೆ. ಅದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಬೇರೆಯಿತ್ತು. ನಾನು ಬದುಕಿನಲ್ಲಿ ಮಾಡಿದ ಒಂದೇ ದೊಡ್ಡ ಕೆಲಸವೆಂದು ನಂಬಿದ್ದ ಆ ಗಂಜಿಯ ಹತ್ತು ದಿನವೂ ಕಾಯಿಲೆಯ ಲೆಕ್ಕಕ್ಕೆ ಸೇರಿತ್ತು. ಡಾಕ್ಟರ ಜೊತೆ ಜಗಳಾಡಿದೆ. ಜನ ಉಂಡದ್ದು ಸುಳ್ಳೇ ಎಂದು ಕೇಳಿದೆ. ಜನ ಉಂಡದ್ದು ನಿಜ, ನಿಮಗೆ ನಿದ್ದೆ ಇಲ್ಲದ್ದೂ ನಿಜ ಎಂದರು ಅವರು. ನನಗೆ ಆ ಉತ್ತರ ಸಾಲಲಿಲ್ಲ, ಇವತ್ತಿಗೂ ಸಾಲುವುದಿಲ್ಲ. ಗಂಡನ ಮೇಲೂ ಸಿಟ್ಟಿತ್ತು. ನಾನು ಉಕ್ಕಿದಾಗ ಹೆಮ್ಮೆಪಟ್ಟ, ಬಿದ್ದಾಗ ಮಾತ್ರ ಹೆದರಿದ. ಪ್ರೀತಿಯಿಂದಲೇ ಸುಳ್ಳು ಹೇಳಿದ. ಇದನ್ನು ಅವನಿಗೆ ಹೇಳಿದಾಗ ಅವನು ಊಟ ಬಿಟ್ಟು ಎದ್ದು ಹೋದ.

ನೆಗೆಣ್ಣಿ ಹೇಳಿದ್ದನ್ನು ಮಾಡಿದಳು. ಕಾಗದ ಸಿಗದಿದ್ದರೂ ಹಿರಿಯರನ್ನು ಕೂಡಿಸಿ ಮನೆ ಪಾಲು ಮಾಡಿಸಿಕೊಂಡಳು. ಅಂಗಳದ ನಡುವೆ ಆಳೆತ್ತರದ ಗೋಡೆ ಎದ್ದಿತು. ನೀರಿನ ನಳ ಅವಳ ಕಡೆ ಹೋಯಿತು. ನಾನು ಮತ್ತೆ ಶಾಲೆಗೆ ಸೇರಿಕೊಂಡೆ. ಹೆಡ್‌ಮಾಸ್ಟರು ಗೋಡೆಯ ಮೇಲಿನ ಪದ್ಯಕ್ಕೆ ಸುಣ್ಣ ಬಳಿಸಿದ್ದರು.

ಹೋದ ವರ್ಷ ಯುಗಾದಿಯ ಹೊತ್ತಿಗೆ ನಾನು ಗುಳಿಗೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಕೈ ನಡುಕ ನಿಂತಿತು, ಬಣ್ಣಗಳು ಮರಳಿದವು. ಒಂದು ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಕೂತಿದ್ದ. ನೆಗೆಣ್ಣಿ ನಮ್ಮ ಬಾಗಿಲಿಗೆ ಬಂದು, ಹೊಸಿಲ ಆಚೆಯೇ ನಿಂತಳು. ಪಾಲಾದ ಮೇಲೆ ಅದೇ ಮೊದಲ ಸಲ ಅವಳು ಬಂದದ್ದು.

"ನಾಕ ದಿನ ಆತು, ಆಕಿ ನಸಿಕಿನ್ಯಾಗ ಎದ್ದು ಹಾಡಾಕತ್ತಾಳ. ನಿನ್ನೆ ಮೂರು ಸಲ ಅಂಗಳ ಸಾರಿಸ್ಯಾಳ. ಗುಳಿಗಿ ತೊಗೊಳ್ಳಾಕತ್ತಾಳೋ ಇಲ್ಲೋ ನೋಡು."

ನನ್ನ ಕೈಯಲ್ಲಿ ಹಿತ್ತಾಳೆಯ ತಂಬಿಗೆಯಿತ್ತು. ಬೀಸಿ ಎಸೆದೆ. ಅವಳ ಬಲಹುಬ್ಬು ಒಡೆಯಿತು. ರಕ್ತ ಕಣ್ಣಿಗಿಳಿದರೂ ಅವಳು ಹಿಂದೆ ಸರಿಯಲಿಲ್ಲ. ನನ್ನ ಗಂಡ ಗುಳಿಗೆಯ ಡಬ್ಬಿ ಹುಡುಕಿ ಎಣಿಸುವ ತನಕ ಅಲ್ಲೇ ನಿಂತಿದ್ದಳು. ಮುಂದಿನ ಮಂಗಳವಾರ ನಾನು ಆಳಂದದಲ್ಲಿದ್ದೆ. ಈ ಸಲ ದಾಖಲಾಗುವ ಹಾಗೆ ಆಗಲಿಲ್ಲ. ಬೇಗ ತಿಳಿಯಿತು ಎಂದರು ಡಾಕ್ಟರು. ಹೇಗೆ ತಿಳಿಯಿತು ಎಂದು ಕೇಳಿದರು. ನಾನು ಹೇಳಲಿಲ್ಲ, ನನ್ನ ಗಂಡ ಹೇಳಿದ.

ಊರಿಗೆ ಬಂದ ಮೇಲೆ ಒಂದು ದಿನ ಅವಳು ನಳದಲ್ಲಿ ನೀರು ಹಿಡಿಯುವಾಗ ಗೋಡೆಯ ಈಚೆಯಿಂದ ಕೇಳಿದೆ, ಆವತ್ತು ಡಾಕ್ಟರ ಮುಂದೆ ಹೇಳಿದ್ದೆಲ್ಲ ಅಷ್ಟು ವರ್ಷ ಹೇಗೆ ನೆನಪಿಟ್ಟುಕೊಂಡಿದ್ದೆ ಎಂದು. ಕೊಡ ತುಂಬಿತು, ಅವಳು ನಳ ಬಂದ್ ಮಾಡಿದಳು.

"ಒಂದ ದಿನ ನಿನ್ನ ಈ ಮನಿಯಿಂದ ಹೊರಗ ಹಾಕಬೇಕಂತ ಮಾಡಿದ್ದೆ. ಅದಕ್ಕ," ಎಂದಳು.

ನಾನು ಉಪಕಾರವಾಯಿತು ಎನ್ನಲಿಲ್ಲ. ಹುಬ್ಬಿನ ಗಾಯಕ್ಕೆ ತಪ್ಪಾಯಿತು ಎಂದೂ ಹೇಳಲಿಲ್ಲ. ನಾವು ಈಗಲೂ ಮಾತಾಡುವುದಿಲ್ಲ. ಅವಳ ಮನೆಗೆ ಬೀಗರು ಬಂದರೆ, ಸೆರಗು ಸರಿಸಿ ಆ ಗುರುತು ತೋರಿಸಿ, ಅದು ಯಾರು ಮಾಡಿದ್ದು ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ. ನಾನು ಅಲ್ಲವೆನ್ನುವುದಿಲ್ಲ. ಪೇಪರು ತಿದ್ದುತ್ತಾ ಕೂತಿರುತ್ತೇನೆ.