ಕೈಯಿಲ್ಲದ ಕುರ್ಚಿಯ ಡಾಕ್ಟರಬಾಯಿ

ಅವರು ಕೂಡುತ್ತಿದ್ದ ಕುರ್ಚಿಗೆ ಎರಡೂ ಕೈ ಇರಲಿಲ್ಲ. ತಮ್ಮ ದಪ್ಪ ಮೈ ಹಿಡಿಸುವುದಿಲ್ಲವೆಂದು ಬಡಿಗೇರನನ್ನು ಕರೆಸಿ ಕೊಯ್ಸಿ ಹಾಕಿದ್ದರು. ಕೊಯ್ದ ಗುರುತಿಗೆ ಬಣ್ಣವನ್ನೂ ಹಚ್ಚಿಸಿರಲಿಲ್ಲ. ಮೂಡಲಗಿಯಲ್ಲಿ ಅವರ ದವಾಖಾನೆ. ಎದುರಿಗೆ ಎಲ್ಲರೂ ಬಾಯಾರು ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದದ್ದನ್ನು ಹೇಳಿದರೆ ನನ್ನ ಬಾಯಿ ಹೊಲಸಾಗುತ್ತದೆ.

ನಾನಾಗ ಹತ್ತನೇ ಇಯತ್ತೆ. ದಪ್ಪಗಿದ್ದೆ, ಖರೆ. ನಮ್ಮ ಕಾಕಾ ಅಪ್ಪನ ಫೋನಿನಲ್ಲಿ ಹೆಜ್ಜೆ ಎಣಿಸಿ ತೂಕ ಇಳಿಸುವ ಆ್ಯಪ್ ಹಾಕಿ, ನನ್ನ ಹೆಸರು, ವಯಸ್ಸು, ತೂಕ ತುಂಬಿಕೊಟ್ಟ. ಕಲ್ಲೋಳಿಯ ನಮ್ಮ ಮನೆಗೆ ಇದ್ದದ್ದು ಅದೊಂದೇ ದೊಡ್ಡ ಫೋನು. ಅದು ಅಪ್ಪನ ಕಿಸೆಯಲ್ಲಿ, ಅಪ್ಪ ಚಾದಂಗಡಿಯಲ್ಲಿ. ನಾನು ಸಾಲಿಗೆ ನಡೆದುಹೋಗಿ ಬಂದು, ಕುರಿಗಳ ಹಿಂದೆ ಹೊಲ ಹೊಲ ತಿರುಗಿ, ಮೇವಿನ ಹೊರೆ ಹೊತ್ತು ಮನೆ ಸೇರುವಷ್ಟರಲ್ಲಿ ಫೋನು ತೀರ್ಪು ಕೊಟ್ಟಿರುತ್ತಿತ್ತು: ಇವತ್ತು ನೀವು ಸಾಕಷ್ಟು ನಡೆದಿಲ್ಲ.

"ಆಕಿಗೆ ಒಂದ ರೊಟ್ಟಿ ಕಡಿಮಿ ಹಾಕ," ಅಂತ ಅಪ್ಪ ಅವ್ವನಿಗೆ ಹೇಳುತ್ತಿದ್ದ. ನಡೆದೇನಿ ಅಂದರೆ, "ಮತ್ತ ಇದ್ಯಾಕ ಹಿಂಗ ಹೇಳತೈತಿ?" ಅನ್ನುತ್ತಿದ್ದ. ಮಗಳಿಗಿಂತ ಫೋನಿನ ಮೇಲೆ ಅವನಿಗೆ ಭರವಸೆ.

ಒಂದು ದಿನ ಸಾಲಿಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಬಿದ್ದೆ. ಆಗ ಒಯ್ದರು ಬಾಯಾರ ಕಡೆ.

"ಉಂಡ ಬಂದೀಯೇನು?" ಯಾವ ಹುಡುಗಿ ಬಂದರೂ ಅವರ ಮೊದಲ ಮಾತು ಅದೇ. ತೂಕದ ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಅಂಕಿಯನ್ನು ತಾವೊಬ್ಬರೇ ನೋಡಿದರು. ಮುಟ್ಟು ಸರಿಯಾಗಿ ಬರುತ್ತದೇನು ಅಂತ ಮೆಲ್ಲಗೆ ಕೇಳಿದರು. ನಿಂತೈತ್ರಿ ಅಂದೆ. ಅಲ್ಲಿತನಕ ಅದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಅಪ್ಪನನ್ನು ಒಳಗೆ ಕರೆದರು. ಅವನು ಠೀವಿಯಿಂದ ಫೋನು ತೆಗೆದ.

"ಎಲ್ಲಾ ಇದರಾಗ ಐತ್ರಿ, ಬಾಯಾರ. ಈಕಿ ನಡಿಯೂದ ಇಲ್ಲ."

"ಫೋನ್ ಯಾರ ಕಡೆ ಇರತೈತಿ?"

"ನನ್ನ ಕಿಸೆದಾಗ್ರಿ."

"ಹಂಗಾರ ನಡಿಯದ ಇದ್ದವರು ನೀವು. ನಿಮ್ಮ ರೊಟ್ಟಿ ಕಡಿಮಿ ಮಾಡಬೇಕಿತ್ತು."

ಹೊರಗೆ ಪಾಳಿಗೆ ಕೂತವರು ನಕ್ಕರು. ಬಾಯಾರು ದನಿ ತಗ್ಗಿಸಿದರು. "ದೊಡ್ಡವರು ಬೇಕಾದ್ರ ಇಟ್ಕೊಳ್ರಿ, ಬ್ಯಾಡ ಅನ್ನೂದಿಲ್ಲ. ಬೆಳಿಯೋ ಮಕ್ಕಳಿಗೆ ಡಾಕ್ಟರನ್ನ ಕೇಳದ ಇದನ್ನ ಹಚ್ಚಬ್ಯಾಡ್ರಿ. ಈಕಿ ತೂಕ ಇಳಸೂಣು, ಉಪವಾಸ ಕೆಡವಿ ಅಲ್ಲ. ಈ ವಯಸ್ಸಿನ್ಯಾಗ ನನ್ನೂ ಹಂಗ ಕೆಡವಿದ್ರು. ಇಳಿದೆ. ಆಮ್ಯಾಲ ಹೋದದ್ದೆಲ್ಲಾ ತಿರುಗಿ ಬಂತು, ಹೆಚ್ಚಿಗೆನ ಬಂತು."

ಅಪ್ಪನ ಕಿವಿಯಲ್ಲಿ ಉಳಿದದ್ದು ಮಂದಿಯ ನಗು ಮಾತ್ರ. ಮತ್ತೆ ಅಲ್ಲಿಗೆ ಕಳಿಸಲಿಲ್ಲ, ಆ್ಯಪನ್ನೂ ತೆಗೆಯಲಿಲ್ಲ. ಅವ್ವ ಸಂತೆಯ ನೆಪ ಹೇಳಿ ಬಾಯಾರ ಕಡೆ ಕರೆದೊಯ್ಯುತ್ತಿದ್ದಳು. ಅಪ್ಪ ಹೊರಗೆ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ಉಣ್ಣುತ್ತಿದ್ದೆ. ಮುಟ್ಟು ತಿರುಗಿ ಬಂತು, ತಲೆ ಸುತ್ತುವುದು ನಿಂತಿತು. ಹಸಿವಾಗೈತಿ ಅನ್ನಲು ನಾಚಬೇಕಿಲ್ಲ ಅಂತ ನನಗೆ ಹೇಳಿದವರು ಲೋಕದಲ್ಲಿ ಅವರೊಬ್ಬರೇ.

ಹೋದ ವರ್ಷ ಬಾಯಾರು ತೀರಿಕೊಂಡರು. ಎದೆನೋವು, ಗೋಕಾಕಕ್ಕೆ ಒಯ್ಯುವ ದಾರಿಯಲ್ಲೇ ಹೋದರು. ಮಣ್ಣಿಗೆ ಹುಕ್ಕೇರಿ ಕಡೆಯಿಂದಲೂ ಮಂದಿ ಬಂದಿದ್ದರು. ಅಲ್ಲಿ ನಿಂತು ಅಪ್ಪ ಬಾಜೂದವನಿಗೆ ಹೇಳಿದ: "ಆ್ಯಪ್ ಹಾಕ್ಕೊಂಡಿದ್ರ ಇನ್ನ ನಾಕ ವರ್ಸ ಇರ್ತಿದ್ಲು." ಅವನು ಹೌದೆಂದು ತಲೆಯಾಡಿಸಿದ. ಹಾಗೆ ತಲೆಯಾಡಿಸಿದವನ ಮಗಳ ಹೆರಿಗೆ ಮಾಡಿಸಿದ್ದು ಇದೇ ಬಾಯಾರು.

ಮನೆಗೆ ಬಂದು ಜಳಕ ಮಾಡಿ ತಾಟಿನ ಮುಂದೆ ಕೂತೆ. ಅಪ್ಪ ಎದುರಿಗೇ ಕೂತಿದ್ದ. ಅವ್ವ ನನಗೆ ಒಂದು ರೊಟ್ಟಿ ಹಾಕಿ, ರೂಢಿಯಂತೆ ಅವನ ಮುಖ ನೋಡಿದಳು.

"ಅಪ್ಪನ ಮಾರಿ ಏನ ನೋಡ್ತಿ," ಅಂದೆ. "ನನಗ ಹಸಿವಾಗೈತಿ. ಹಾಕ ಇನ್ನೊಂದ."