ನಾನು ನಕಲು ಎಂದು ಕರೆದ ಪುಟ

ಒಬ್ಬ ಹೆಣ್ಣುಮಗಳು ತನ್ನ ಕೈಯಾರೆ ಬರೆದ ನಾಲ್ಕು ಪುಟಗಳನ್ನು ನಾನು ಕದ್ದೆ. ಕದ್ದು ಮೂರು ವಾರ ತುಂಬುವ ಮೊದಲೇ, ಇಪ್ಪತ್ತು ಜನರ ಮುಂದೆ, ಆಕೆಯನ್ನೇ ಕಳ್ಳಿಯಾಗಿಸಿದೆ. ಆ ಪದವನ್ನು ಬಳಸಲಿಲ್ಲ. ಬಳಸುವಷ್ಟು ಒರಟ ನಾನಲ್ಲ, ಓದಿದವನು. ನಾನು ಬಳಸಿದ ಪದ 'ನಕಲು'.

ಇದನ್ನು ಬರೆಯುವಾಗಲೂ ನನ್ನ ಬಗ್ಗೆ ನನಗೆ ನಂಬಿಕೆಯಿಲ್ಲ. ಇಪ್ಪತ್ತು ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಆ ಮಾತಾಡಿದ ಭಾನುವಾರದ ಪುಟ ತೆಗೆದು ನೋಡಿದೆ: 'ಕ್ಲಾಸು ಚೆನ್ನಾಗಿ ಆಯಿತು. ಬಿಸಿಲು ಜಾಸ್ತಿ.' ಇಷ್ಟೇ ಇದೆ. ಹಾಗಾದರೆ ಅಂದು ಸಂಜೆ ಪೆನ್ನು ಹಿಡಿದಾಗ ನನಗೆ ಅದು ನೆನಪಾಗಲಿಲ್ಲವೇ? ಅಥವಾ ನೆನಪಾಗಿಯೇ — ಯಾವುದು ಹೆಚ್ಚು ಹೇಸಿಗೆಯದು ಎಂದು ಇನ್ನೂ ತೀರ್ಮಾನಿಸಲಾಗಿಲ್ಲ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಯಾವ ಓಲೆ ಮೂಲ, ಯಾವುದು ಪ್ರತಿ ಎಂದು ಗುರುತಿಸುವುದನ್ನು ಎರಡು ವರ್ಷ ಕಲಿತೆ. ಆಮೇಲೆ ಹೊಟ್ಟೆಪಾಡಿಗೆ ಬೇರೆ ವಿದ್ಯೆ ಕಲಿತೆ — ಅಂಗಡಿಯವರ ಜಾಲತಾಣ ಸರ್ಚಿನಲ್ಲಿ ಮೇಲೆ ಬರುವಂತೆ ಮಾಡುವುದು. ನಾಲ್ಕು ವರ್ಷಗಳ ಹಿಂದೆ ರಾಮನಗರದಲ್ಲಿ ಒಂದು ಕಲ್ಯಾಣ ಮಂಟಪದ ಮೇಲಿನ ಕೋಣೆ ಹಿಡಿದು, ಭಾನುವಾರ ಬೆಳಿಗ್ಗೆ ಸಣ್ಣ ವ್ಯಾಪಾರಿಗಳಿಗೂ ಬ್ಲಾಗು ಬರೆಯುವವರಿಗೂ ಇದನ್ನೇ ಕಲಿಸಲು ಶುರು ಮಾಡಿದೆ. ಕೂಟಗಲ್ಲಿನಿಂದ ಜೇನು ಮಾರುವವರು ಬರುತ್ತಿದ್ದರು. ಕನಕಪುರದಿಂದ ಅಡುಗೆ ಬ್ಲಾಗು ಬರೆಯುವ ಇಬ್ಬರು ಅಕ್ಕತಂಗಿಯರು. ಮಾಗಡಿಯ ಒಬ್ಬ ಸಸಿ ಮಾರುವವನು ಹಿಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದ.

ಕಲಿಸಿದ್ದು ತಪ್ಪಲ್ಲ. ಈಗಲೂ ಅದನ್ನೇ ಕಲಿಸುತ್ತೇನೆ. ಗಿರಾಕಿ ಯಾವ ಮಾತಿನಲ್ಲಿ ಹುಡುಕುತ್ತಾನೋ ಆ ಮಾತಿನಲ್ಲಿ ಬರೆಯಿರಿ, ನಿಮ್ಮ ಜಂಬದ ಮಾತಿನಲ್ಲಲ್ಲ. ಪುಟದ ತಲೆಬರಹ ನೋಡಿದರೆ ಒಳಗೇನಿದೆ ಎಂದು ತಿಳಿಯಬೇಕು. ಒಂದೇ ಪದವನ್ನು ಹತ್ತು ಸಲ ತುರುಕಬೇಡಿ. ಅಂಗಡಿಯ ವಿಳಾಸ, ತೆರೆಯುವ ಹೊತ್ತು ಎಲ್ಲ ಕಡೆ ಒಂದೇ ತರ ಇರಲಿ. ಫೋಟೋಗೆ ಅದರಲ್ಲಿ ಏನಿದೆಯೋ ಅದೇ ಹೆಸರು ಕೊಡಿ. ಎಲ್ಲಕ್ಕಿಂತ ಮುಖ್ಯ — ಇದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ — ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ.

ಈ ಮಾತನ್ನು ಆ ಕೋಣೆಯಲ್ಲಿ ನಿಜವಾಗಿ ನಂಬಿದವಳು ಶೋಭಾ ಒಬ್ಬಳೇ.

ಚನ್ನಪಟ್ಟಣದಿಂದ ರೈಲಿನಲ್ಲಿ ಬರುತ್ತಿದ್ದಳು. ಮೂವತ್ತರ ಆಸುಪಾಸು. ಅವಳ ಅತ್ತೆ ಕೆಂಪಮ್ಮ ಅರಗಿನ ಗೊಂಬೆ ಮಾಡುವವರು. ಮನೆಯ ಹಿಂದೆ ಒಂದೇ ಒಂದು ಲೇತ್. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು. ಶೋಭಾ ಮದುವೆಯಾಗಿ ಬಂದ ಮೇಲೆ ಇದನ್ನು ಅತ್ತೆಯಿಂದ ಕಲಿತಿದ್ದಳು. "ನಮ್ಮತ್ತೆ ಲೇತ್ ಮುಟ್ಟಕ್ ಬುಟ್ಟಿದ್ದು ನನ್ನೊಬ್ಳನ್ನೇ ಸಾ, ಮಗನ್ನೂ ಬುಟ್ಟಿಲ್ಲ," ಎಂದು ಮೊದಲ ದಿನ ಪರಿಚಯ ಹೇಳುವಾಗ ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಹೆಮ್ಮೆಯಿಂದ.

ಎರಡನೇ ಭಾನುವಾರ ನೋಟುಬುಕ್ಕಿನ ನಾಲ್ಕು ಪುಟ ತುಂಬಿಸಿಕೊಂಡು ಬಂದಳು. 'ಮಗು ಕಚ್ಚಿದರೆ ಏನೂ ಆಗುವುದಿಲ್ಲವೇ?' — ಗಿರಾಕಿಗಳು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದಂತೆ. ಅದನ್ನೇ ತಲೆಬರಹ ಮಾಡಿದ್ದಳು. ಕೆಳಗೆ ಹೀಗಿತ್ತು:

'ಹೊಸ ಬಣ್ಣ ಹಾಕಿದ ಮೊದಲನೇ ಗಿಲಕಿ ತಣ್ಣಗಾದ ಮೇಲೆ ನಮ್ಮತ್ತೆ ಅದನ್ನು ಬಾಯಲ್ಲಿ ಇಟ್ಟುಕೊಂಡು ಮುಂದಿನದಕ್ಕೆ ಕೂರುತ್ತಾರೆ. ಆಗ ಮನೆಯಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ, ಕೇಳಿದರೂ ಉತ್ತರ ಬರುವುದಿಲ್ಲ. ಎರಡನೆಯದು ಮುಗಿದ ಮೇಲೆ ಬಿಳಿ ಬಟ್ಟೆಯಲ್ಲಿ ತುಟಿ ಒರೆಸಿ ನೋಡುತ್ತಾರೆ. ಬಣ್ಣ ಬಂದಿದ್ದರೆ ಆ ಸರಕೆಲ್ಲ ಹೆರೆದು ಮತ್ತೆ ಲೇತಿಗೆ. ಮೊದಲು ನನ್ನ ಬಾಯಿಗೆ, ಆಮೇಲೆ ಮಗೀನ ಬಾಯಿಗೆ ಅನ್ನುತ್ತಾರೆ.'

ಓದಿ ಮುಗಿಸಿದೆ. ಇಂಥದ್ದನ್ನು ನಾನು ಒಂದು ಜನ್ಮ ಕೂತರೂ ಬರೆಯಲಾರೆ ಎಂದುಕೊಂಡೆ. 'ತಿದ್ದಿ ಕೊಡ್ತೀನಿ' ಎಂದು ನಾಲ್ಕೂ ಪುಟಗಳ ಫೋಟೋ ತೆಗೆದುಕೊಂಡೆ. ಆ ಗಳಿಗೆಯಲ್ಲಿ ನಿಜಕ್ಕೂ ತಿದ್ದಿಕೊಡಲೆಂದೇ — ಇರಬಹುದು. ಇರಲಾರದು. ನನ್ನ ಪರವಾಗಿ ಸಾಕ್ಷಿ ಹೇಳುತ್ತಿರುವುದು ನನ್ನ ನೆನಪೊಂದೇ, ಅದನ್ನು ಎಷ್ಟು ನಂಬಬೇಕೆಂದು ನನಗೆ ಗೊತ್ತು.

ಹೆದ್ದಾರಿಯ ಮೇಲೆ ನನಗೊಬ್ಬ ದೊಡ್ಡ ಗಿರಾಕಿ ಇದ್ದ. ಗೊಂಬೆ ಅಂಗಡಿ. ಮುಂದೆ ಕಾರು ನಿಲ್ಲಿಸಲು ಜಾಗ, ಒಳಗೆ ಗೋಣಿಚೀಲಗಳಲ್ಲಿ ಎಲ್ಲಿಂದಲೋ ಬರುವ ಗೊಂಬೆಗಳು. ಹಿಂಬದಿಯ ಶೆಡ್ಡಿನಲ್ಲಿ ಅವಕ್ಕೆ ಸ್ಪ್ರೇ ಬಣ್ಣ ಹೊಡೆಯುತ್ತಿದ್ದರು. ಥಿನ್ನರಿನ ವಾಸನೆಗೆ ಕಣ್ಣುರಿಯುತ್ತಿತ್ತು. ಯಜಮಾನ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ.

"ಏನ್ ಮೇಷ್ಟ್ರೇ, ಇನ್ನೂ ಮೂರ್ನೇ ಪೇಜಲ್ಲೇ ಬಿದ್ದಿವ್ನಲ್ಲ ನಾನು! ಮೂರ್ನೇ ಪೇಜ್ಗೆ ಯಾವನ್ ಬತ್ತಾನೆ? ನಮ್ಮಪ್ಪನೂ ಬರಾಕಿಲ್ಲ."

ಬುಧವಾರ ಶೋಭಾಳ ಬರಹವನ್ನು ಅವನ ಜಾಲತಾಣಕ್ಕೆ ಹಾಕಿದೆ. ಬಹಳ ಕಾಲ ನನ್ನ ನೆನಪು ಹೇಳುತ್ತಿದ್ದುದು ಬೇರೆ — ಮಾದರಿಗೆಂದು ಇಟ್ಟಿದ್ದು ಕೈತಪ್ಪಿ ಪ್ರಕಟವಾಯಿತು ಎಂದು. ಈಚೆಗೆ ಆ ತಾಣದ ಒಳಗೆ ಹೋಗಿ ತಿದ್ದುಪಡಿಗಳ ದಾಖಲೆ ನೋಡಿದೆ. ಕೈತಪ್ಪಿದವನು 'ನಮ್ಮತ್ತೆ' ಎಂಬುದನ್ನು ಅಳಿಸಿ 'ನಮ್ಮ ಹಿರಿಯ ಕುಶಲಕರ್ಮಿಗಳು' ಎಂದು ಬರೆಯುವುದಿಲ್ಲ. ಒಂದು ಗಂಟೆ ಕೂತು ಮಾಡಿದ್ದೇನೆ. ಉಳಿದ ಒಂದು ಸಾಲನ್ನೂ ಮುಟ್ಟಿಲ್ಲ — ಅಷ್ಟು ಚೆನ್ನಾಗಿತ್ತು.

ಥಿನ್ನರ್ ಬೆರೆಸಿದ ಬಣ್ಣ ಹೊಡೆದ ಗಿಲಕಿಗಳ ಪಕ್ಕದಲ್ಲಿ, ಮೊದಲು ನನ್ನ ಬಾಯಿಗೆ, ಆಮೇಲೆ ಮಗೀನ ಬಾಯಿಗೆ. ಅದನ್ನು ಓದಿ ಎಷ್ಟು ತಾಯಂದಿರು ಕೊಂಡರೋ. ಆ ಮಕ್ಕಳ ಲೆಕ್ಕ ನನ್ನ ಬಳಿಯಿಲ್ಲ. ಇದನ್ನು ನೆನೆದರೆ ನನ್ನ ಬಾಯಲ್ಲೇ ಏನೋ ಕಹಿ, ಎಷ್ಟು ಉಗಿದರೂ ಹೋಗದ್ದು.

ನನ್ನ ವಿದ್ಯೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಒಂದೇ ಬರಹ ಎರಡು ಕಡೆ ಕಂಡರೆ ಸರ್ಚ್ ಒಂದನ್ನು ಮುಂದಿಟ್ಟು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ. ಯಾರ ಕೈ ಬರೆಯಿತು ಎಂದು ಅದಕ್ಕೆ ಗೊತ್ತಿಲ್ಲ. ಹೆಚ್ಚಾಗಿ ತನಗೆ ಮೊದಲು ಕಂಡದ್ದನ್ನು, ಹಳೆಯ ದೊಡ್ಡ ತಾಣದಲ್ಲಿರುವುದನ್ನು ಮೂಲವೆಂದು ತಿಳಿಯುತ್ತದೆ. ಮುಂದಿನ ಭಾನುವಾರ ನಾನು ಕಾಗುಣಿತ ತಿದ್ದಿದ ಪ್ರತಿಯನ್ನು ಶೋಭಾಳಿಗೆ ಕೊಟ್ಟು, ಪಕ್ಕದಲ್ಲಿ ನಿಂತು, ಅವಳ ಹೊಸ ಬ್ಲಾಗಿಗೆ ಅವಳ ಕೈಯಿಂದಲೇ ಹಾಕಿಸಿದಾಗ, ಅದು ಇನ್ನೆಂದಿಗೂ ಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. 'ಶಹಬ್ಬಾಸ್' ಎಂದೆ. ಇದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಎರಡು ವಾರದ ನಂತರ ಅವಳು ಕ್ಲಾಸಿನ ನಡುವೆ ಎದ್ದು ನಿಂತಳು.

"ಸಾ, ನನ್ ಪುಟ ಎಲ್ಲೂ ಬತ್ತಾನೇ ಇಲ್ಲ. ಹೈವೇ ಅಂಗಡೀದು ಮೇಲಕ್ ಬತ್ತದೆ. ತೆಗ್ದು ನೋಡುದ್ರೆ ಅದ್ರೊಳ್ಗೆ ನನ್ ಮಾತೇ ಐತೆ. ಅದೆಂಗ್ ಸಾ?"

ಮಾಗಡಿಯ ಸಸಿಯವನು ಕೂಡ ಆಕಳಿಸುವುದನ್ನು ನಿಲ್ಲಿಸಿದ. ಆ ಅಂಗಡಿ ನನ್ನ ಗಿರಾಕಿ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಪರದೆಯ ಮೇಲೆ ಎರಡೂ ಪುಟಗಳನ್ನು ಅಕ್ಕಪಕ್ಕ ತೆರೆದೆ. ತಾರೀಖು ತೋರಿಸಿದೆ. ಹೇಳಿದೆ:

"ನೋಡಿ ಇವ್ರೇ, ಅವರದು ಮೊದಲು ಬಂದಿದೆ. ನಿಮ್ಮದು ನಕಲು. ಗೊತ್ತಿಲ್ಲದೆ ಎಲ್ಲೋ ಓದಿರ್ತೀರಿ, ತಲೇಲಿ ಉಳಿದುಬಿಟ್ಟಿರುತ್ತೆ. ಹೊಸಬರಿಗೆ ಆಗುತ್ತೆ. ಎಲ್ಲರಿಗೂ ಇದೊಂದು ಪಾಠ."

ಮೆಲ್ಲಗೆ, ಅನುಕಂಪದಿಂದ ಹೇಳಿದೆ ಎಂದು ನೆನಪು. ಮೆಲ್ಲಗೆ ಹೇಳಿದ್ದರೆ ಹಿಂದಿನ ಸಾಲಿನವರು ನಕ್ಕಿದ್ದು ಹೇಗೆ?

"ನಮ್ಮತ್ತೆ ಬಾಯ್ನ ನಾನ್ ಎಲ್ ಓದ್ಲಿ ಸಾ," ಎಂದಳು. ಅಷ್ಟೇ. ಪರದೆಯನ್ನು ಇನ್ನೊಮ್ಮೆ ನೋಡಿದಳು, ಚೀಲ ತೆಗೆದುಕೊಂಡು ಹೋದಳು. ಫೋಟೋ ತೆಗೆದುಕೊಂಡವನು ನಾನು ಎಂಬುದು ಅವಳಿಗೆ ಹೊಳೆಯಲಿಲ್ಲವೇ? ಹೊಳೆದಿತ್ತು ಎಂದೇ ಈಗ ಅನಿಸುತ್ತದೆ. ಹೇಳಿದರೆ ನಂಬುವವರು ಅಲ್ಲಿ ಯಾರಿದ್ದರು?

ಮುಂದಿನ ಭಾನುವಾರ ಅವಳು ಬರಲಿಲ್ಲ. ನಾನು ಕಾರಣ ಕೇಳಲಿಲ್ಲ.

ನಾಲ್ಕು ವರ್ಷ ಕಳೆಯಿತು. ಎರಡು ತಿಂಗಳ ಹಿಂದೆ ಬೇರೊಂದು ಕೆಲಸಕ್ಕೆ ಚನ್ನಪಟ್ಟಣದ ಒಂದು ಮರದ ಮಂಡಿಗೆ ಹೋಗಿದ್ದೆ. ಗೊಂಬೆ ಮಾಡುವವರಿಗೆ ಹಾಲೆಮರ ಹಾಕುವ ಸಿದ್ದರಾಜು ಅಲ್ಲಿ ಸಿಕ್ಕ. ಮಾತಿನ ಚಪಲದವನು. ಕೆಂಪಮ್ಮನ ಹೆಸರು ತಾನಾಗಿ ಬಂತು.

"ಅಯ್ಯೋ, ಆಯಮ್ಮನ್ ಮನೇಲಿ ದೊಡ್ ರಾಮಾಯ್ಣ ಆಗೋಯ್ತು ಸಾ. ನಾನೇ ಹಚ್ಚಿದ್ದು ಬೆಂಕಿಯ! ಒಂದಿನ ಮರ ಇಳ್ಸಕ್ ಹೋಗಿದ್ನಾ, ಮೊಬೈಲಲ್ಲಿ ಹೈವೇ ಅಂಗಡೀದು ಓದಿ, 'ಕೆಂಪಕ್ಕೋ, ನಿನ್ ಬಾಯಿ ಹೈವೇಲಿ ನೇತಾಕವ್ರಲ್ಲಕ್ಕೋ!' ಅಂದೆ. ತಮಾಸೆಗೆ. ಆಯಮ್ಮ ಲೇತ್ ಆಫ್ ಮಾಡ್ಬುಟ್ಟು, ಓದ್ಲಾ ಇನ್ನೊಂದ್ಸಲ ಅಂತು. ಓದ್ದೆ. ಮನೇವ್ರಿಗೆ, ಕಣ್ಣಾರೆ ಕಂಡಿದ್ ನಂಗೆ ಬುಟ್ಟು ಇನ್ಯಾರ್ಗೂ ಗೊತ್ತಿರ್ನಿಲ್ಲ ಅದು. ಸೊಸೆ ಹೈವೇಯವ್ರಿಗೆ ಮಾರ್ಕಂಡವ್ಳೆ ಅಂತ ಆಯ್ತು. ಆವತ್ತಿಂದ ಲೇತ್ ಮುಟ್ಟಕ್ ಬಿಟ್ಟಿಲ್ಲ. ಹುಡ್ಗಿ ಈಗ ಹಾರೋಹಳ್ಳಿ ಫ್ಯಾಕ್ಟ್ರಿಗ್ ಹೋಯ್ತದೆ, ಬೆಳಗಿನ್ ಜಾವ ಎದ್ದು."

ನಾನು ನಕ್ಕೆ ಎಂದು ಕಾಣುತ್ತದೆ. ಅವನು ನಗುತ್ತಿದ್ದನಲ್ಲ.

ಒಂದು ಮಾತನ್ನು ಮಾರಿಕೊಂಡವಳೆನಿಸಿಕೊಂಡು ಸ್ವಂತ ಮನೆಯಲ್ಲಿ, ಒಂದೇ ಒಲೆಯ ಸುತ್ತ, ನಾಲ್ಕು ವರ್ಷ ಬದುಕುವುದು ಹೇಗಿರುತ್ತದೆ? ಊಹಿಸಲು ಹೊರಟೆ; ಊಹಿಸುತ್ತ ನನ್ನ ಮೇಲೆ ನಾನೇ ಕರುಣೆ ಪಡುತ್ತಿರುವುದು ಕಂಡಿತು. ಥೂ ಎನಿಸಿತು. ಆದರೂ ಅವರ ಮನೆಗೆ ಹೋಗಲು ಮತ್ತೆ ಮೂರು ವಾರ ಬೇಕಾಯಿತು. ಅದಕ್ಕೂ ಮೊದಲು ಆ ಪುಟವನ್ನು ಹೆದ್ದಾರಿ ಅಂಗಡಿಯ ತಾಣದಿಂದ ಅಳಿಸಿದೆ. ಯಜಮಾನ ಫೋನಿನಲ್ಲಿ ಕಿರುಚಿದ: "ಲೇ, ತಲೆ ಕೆಟ್ಟೈತೇನ್ಲಾ ನಿಂಗೆ? ಅದೊಂದ್ರಿಂದಾನೇ ಕಣ್ಲಾ ಜನ ಬತ್ತಿದ್ದು!" ನನ್ನ ಕೆಲಸಕ್ಕೆ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಆ ಗಿರಾಕಿಯನ್ನು ಬಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಹೋದೆ. ಕೆಂಪಮ್ಮ ಹಿತ್ತಿಲಲ್ಲಿ ಬುಗುರಿಗಳಿಗೆ ಹೊಳಪು ಹಿಡಿಸುತ್ತಿದ್ದರು. ಶೋಭಾ ಬಟ್ಟೆ ಒಣಹಾಕುತ್ತಿದ್ದವಳು ನನ್ನನ್ನು ನೋಡಿ ಅಲ್ಲೇ ನಿಂತಳು. ನಾನು ಯಾರು, ಏನು ಮಾಡಿದೆ ಎಂದು ನಿಂತೇ ಹೇಳಿದೆ. ಸುತ್ತಿ ಬಳಸಲಿಲ್ಲ ಎಂದುಕೊಂಡಿದ್ದೇನೆ. ಫೋಟೋಗಳನ್ನು ತೋರಿಸಿದೆ, ತಾಣದ ದಾಖಲೆಯ ತಾರೀಖುಗಳನ್ನು ಓದಿ ಹೇಳಿದೆ.

ಕೆಂಪಮ್ಮ ಲೇತ್ ನಿಲ್ಲಿಸಿ ಕೈಯಲ್ಲಿದ್ದ ತಾಳೆಗರಿ ಕೆಳಗಿಟ್ಟರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನಾಕ್ ವರ್ಸ ಇವಳ್ಗೆ ನಾನು ಆಡ್ಬಾರದ್ ಆಡಿವ್ನಿ ಕಣಪ್ಪ. ಅವ್ನೆಲ್ಲಾ ನೀನು ವಾಪಸ್ ತಗಂಡೋಯ್ತೀಯಾ?"

ನಾನು ಕ್ಷಮೆ ಎಂಬ ಪದ ಎತ್ತಿದೆ. ಶೋಭಾ ತಡೆದಳು.

"ನಮ್ಮತ್ತೆ ಒಬ್ರಿಗೇ ಬಂದು ಹೇಳ್ಬುಟ್ರೆ ಆಗೋಯ್ತಾ ಸಾ? ಆವತ್ತು ಅಷ್ಟೊಂದ್ ಜನದ್ ಮುಂದೆ ಅಂದ್ರಲ್ಲ. ಅವ್ರ್ಗೂ ಹೇಳಿ. ಒಬ್ರನ್ನೂ ಬುಡ್ಬ್ಯಾಡಿ. ನನ್ ಹೆಸ್ರು ಹೇಳೇ ಹೇಳಿ."

ದನಿ ಏರಿಸಲಿಲ್ಲ. ಒದ್ದೆ ಸೀರೆಯ ಅಂಚು ಕೊಡವಿ ಹಗ್ಗಕ್ಕೆ ಹಾಕಿ ಒಳಗೆ ಹೋದಳು. ಕೆಂಪಮ್ಮನೂ ಅವಳೂ ಆಮೇಲೆ ಏನು ಮಾತಾಡಿಕೊಂಡರೋ, ಮಾತಾಡಿಕೊಂಡರೋ ಇಲ್ಲವೋ — ಅದನ್ನು ತಿಳಿಯುವ ಹಕ್ಕು ನನಗಿಲ್ಲ.

ಆ ತಂಡದ ಹಾಜರಿ ಪಟ್ಟಿ ಹಳೆಯ ಫೈಲಿನಲ್ಲಿ ಸಿಕ್ಕಿತು. ಈ ವಾರದಿಂದ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೇನೆ. ಕೆಲವರ ನಂಬರು ಬದಲಾಗಿದೆ. ಅವರನ್ನು ಹುಡುಕಿ ಹೋಗಬೇಕು. ಕೂಟಗಲ್ಲಿನ ಜೇನಿನವರು ಪೂರ್ತಿ ಕೇಳಿ, "ಸರಿ," ಎಂದು ಇಟ್ಟರು. ಕನಕಪುರದ ಅಕ್ಕ, "ನಮ್ಮ ಬರಹಾನೂ ಫೋಟೋ ತಗೊಂಡಿದ್ರಲ್ಲ, ಅದೆಲ್ಲಿ ಹಾಕಿದೀರಿ?" ಎಂದು ಕೇಳಿದರು. ಎಲ್ಲೂ ಹಾಕಿಲ್ಲ ಎಂದೆ. ಅವರು ನಂಬಲಿಲ್ಲ. ನಂಬಬೇಕಾಗಿಯೂ ಇಲ್ಲ.

ಇವತ್ತು ಬೆಳಿಗ್ಗೆ ಮಾಗಡಿಯ ಸಸಿಯವನಿಗೆ ಮಾಡಿದೆ. ಯಾವ ಕ್ಲಾಸು, ಯಾವ ವರ್ಷ ಎಂದು ಅವನಿಗೆ ನೆನಪಿರಲಿಲ್ಲ. ನಾನು ಕಲಿಸಿದ್ದರಲ್ಲಿ ಒಂದು ಅಕ್ಷರವೂ ನೆನಪಿರಲಿಲ್ಲ. ಶೋಭಾ ಅಂತ ಚನ್ನಪಟ್ಟಣದಿಂದ ಬರ್ತಿದ್ರು ಎಂದೆ. ತಟ್ಟನೆ ಅವನ ದನಿ ಚುರುಕಾಯಿತು.

"ಓಹೋ, ಅವ್ಳಾ ಸಾ! ಕಾಪಿ ಹೊಡ್ದು ಸಿಕ್ಕಾಕೊಂಡ್ಲಲ್ಲ, ಆ ಗೊಂಬೆಯವ್ಳು?"

"ಹೊಡೆದದ್ದು ನಾನು," ಎಂದೆ.

"ಆಂ? ಏನಂದ್ರಿ ಸಾ?" ಎಂದ. ಬಸ್ಸೊಂದು ಹಾದುಹೋದ ಸದ್ದು. ಅವನಿಗೆ ಅರ್ಥವಾಗಿಲ್ಲ ಎಂದು ತಿಳಿಯಿತು. ಮೊದಲಿನಿಂದ, ಅವಳ ಹೆಸರು ಹೇಳಿ, ಮತ್ತೆ ಶುರು ಮಾಡಿದೆ.